ಅಪ್‌ಡೇಟ್: ಜರ್ಮಟ್‌ನಲ್ಲಿ ಕಾರು, ಎತ್ತರ, ಗಾಳಿ

ಸ್ಕೀ ಬಾರದವರೂ ಜೊತೆಗಿದ್ದರೆ ಸ್ವಿಟ್ಜರ್ಲೆಂಡಿನ ಜರ್ಮಟ್ ಆದೀತೇ, ಕಾರು ಎಲ್ಲಿ ಬಿಡಬೇಕು ಎಂದು ಕೇಳಿದ್ದೆ. ಹೋಗಿ ಬಂದಾಯಿತು, ಉತ್ತರ ಇಲ್ಲಿದೆ.

ಪ್ರವಾಸಿಗರ ಕಾರಿಗೆ ಊರೊಳಗೆ ಪ್ರವೇಶವಿಲ್ಲ. ಸುಮಾರು 5 ಕಿ.ಮೀ. ಹಿಂದೆಯೇ ಟ್ಯಾಶ್‌ನಲ್ಲಿ ನಿಲ್ಲಿಸಿ ಶಟಲ್ ರೈಲು ಹತ್ತಬೇಕು. 12 ನಿಮಿಷ, ಅಷ್ಟೇ.

ಸ್ಕೀ ಬಾರದವರಿಗೆ ಗೋರ್ನರ್‌ಗ್ರಾಟ್ ರೈಲೇ ಸಾಕು. 1898ರಿಂದ ಓಡುತ್ತಿದೆ, ಹಳಿಗಳ ನಡುವಿನ ಹಲ್ಲಿನ ಪಟ್ಟಿಯನ್ನು ಚಕ್ರ ಕಚ್ಚಿಕೊಂಡು 3089 ಮೀಟರ್‌ವರೆಗೆ ಏರುತ್ತದೆ. ಹತ್ತುವಾಗ ಬಲಗಡೆ ಕೂತರೆ ಮ್ಯಾಟರ್‌ಹಾರ್ನ್ ಶಿಖರ ಚೆನ್ನಾಗಿ ಕಾಣುತ್ತದೆ.

ಕೇಬಲ್ ಕಾರಿನಲ್ಲಿ 3883 ಮೀಟರಿನ ನಿಲ್ದಾಣಕ್ಕೆ ಮೊದಲ ದಿನವೇ ಹೋಗಬೇಡಿ. ಊರಿರುವುದು ಸುಮಾರು 1600 ಮೀಟರಿನಲ್ಲಿ. ದೇಹ ಹೊಂದಿಕೊಳ್ಳುವಷ್ಟರಲ್ಲಿ ತಲೆನೋವು, ಏದುಸಿರು ಶುರು. ಮಂಜು ಹಿಡಿದ ಗಾಗಲ್‌ನ ಒಳಮೈಯನ್ನು ಗ್ಲೌಸಿನಿಂದ ಉಜ್ಜಬೇಡಿ, ಮಂಜು ತಡೆಯುವ ಲೇಪ ಕಿತ್ತುಹೋಗುತ್ತದೆ. ಕೊಡವಿ ಗಾಳಿಗೆ ಒಡ್ಡಿ.

ಸ್ಕೀ ಮಾಡುವವರು ಇಟಲಿಯ ಚೆರ್ವೀನಿಯಾಕ್ಕೆ ಇಳಿಯುವುದಾದರೆ ಎರಡೂ ಕಡೆಯ ಲಿಫ್ಟ್‌ಗಳಿಗೆ ಆಗುವ ಪಾಸ್ ಇರಲಿ, ಪಾಸ್‌ಪೋರ್ಟೂ ಜೇಬಿನಲ್ಲಿರಲಿ. ಜೋರು ಗಾಳಿ ಎದ್ದರೆ ಮೇಲಿನ ಲಿಫ್ಟ್‌ಗಳನ್ನು ನಿಲ್ಲಿಸುತ್ತಾರೆ. ಆಮೇಲೆ ರಸ್ತೆ ಸುತ್ತಿ ಗಂಟೆಗಟ್ಟಲೆ ಪ್ರಯಾಣ, ಟ್ಯಾಕ್ಸಿ ಖರ್ಚು ಬೇರೆ. ಕೊನೆಯ ಲಿಫ್ಟಿಗೆ ಕಾಯದೆ ಮಧ್ಯಾಹ್ನವೇ ವಾಪಸ್ ಹೊರಡಿ.