ಬೋರ್ಡಿನಿಂದ ಬಿಚ್ಚಿದ ಸಾಮಾನಿಗೆ ಏನನ್ನಬೇಕು? (ತುರ್ತು)

ಎಲ್ಲರಿಗೂ ನಮಸ್ಕಾರ. ಹಳೇ ರೇಡಿಯೋಗಳ ಸರ್ಕ್ಯೂಟ್ ಬೋರ್ಡಿನಿಂದ ಬಿಚ್ಚಿದ ಒಂದು ಡಬ್ಬಿ ಸಾಮಾನನ್ನು ಹಾವೇರಿಯ ಗೆಳೆಯರೊಬ್ಬರಿಗೆ ಮಾರುತ್ತಿದ್ದೇನೆ. ಅವರಿಗೂ ನನ್ನ ಹಾಗೆ ಇದೇ ಹುಚ್ಚು. ನಾಳೆ ಬೆಳಿಗ್ಗೆ ಹುಬ್ಬಳ್ಳಿಯಿಂದ ಬಸ್ಸಿಗೆ ಹಾಕಬೇಕು. ಪಟ್ಟಿ ಕನ್ನಡದಲ್ಲೇ ಇರಲಿ ಅಂದಿದ್ದಾರೆ. ಎಸಿ 128 ಟ್ರಾನ್ಸಿಸ್ಟರ್, ಗ್ಯಾಂಗ್ ಕಂಡೆನ್ಸರ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇವನ್ನೆಲ್ಲ ಹಾಗೇ ಬರೆದಿದ್ದೇನೆ. ಸಿಕ್ಕಿಬಿದ್ದಿರುವುದು ತಲೆಬರಹದಲ್ಲಿ.

ಇವು ಹೊಸವಲ್ಲ. ತಂತಿಯ ಕಾಲು ಗಿಡ್ಡ, ತುದಿಗೆ ಹಳೇ ಸೋಲ್ಡರ್ (ಬೆಸುಗೆ) ಅಂಟಿದೆ. ಹಾಗಂತ ಕೆಟ್ಟವೂ ಅಲ್ಲ. ಒಂದೊಂದನ್ನೂ ಮೀಟರಿಗೆ ಹಿಡಿದು ನೋಡಿದ್ದೇನೆ. ಜರ್ಮೇನಿಯಂ ಟ್ರಾನ್ಸಿಸ್ಟರ್ ಅಲ್ವಾ, 0.2 ವೋಲ್ಟಿನ ಆಸುಪಾಸು ತೋರಿಸುತ್ತವೆ. ಸಿಲಿಕಾನ್ ಆಗಿದ್ದರೆ 0.6 ತೋರಿಸುತ್ತಿತ್ತು. ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನು ಬಿಸಾಕಿದ್ದೇನೆ. 'ಗುಜರಿ' ಅಂತ ಬರೆದರೆ ಕಿಲೋ ಲೆಕ್ಕದಲ್ಲಿ ಕೇಳುತ್ತಾರೆ. 'ಬಳಸಿದ' ಅಂದರೆ ಬೋರ್ಡಿನಿಂದ ಬಂದದ್ದು ಅಂತ ತಿಳಿಯಲ್ಲ. ಏನು ಹಾಕಲಿ?

ಧಾರವಾಡದಿಂದ:
'ಕಳಚುಬಿಡಿ'. ಸುಡುಗಾಡಿನ (ಸುಡು + ಕಾಡು) ಹಾಗೆ 'ಕಳಚು' ಎಂಬ ಕ್ರಿಯೆಯ ಮೂಲರೂಪಕ್ಕೆ 'ಬಿಡಿ' ಎಂಬ ನಾಮಪದ ಸೇರಿಸಿದ್ದು. 'ಬಿಡಿಭಾಗ' ಬೇಡ, ಭಾಗ ಸಂಸ್ಕೃತ. ಚರ್ಚೆ ಮುಗಿಯಿತು.

ಗದಗದಿಂದ:
ಮುಗಿದಿಲ್ಲ ಸರ್. ಡಬ್ಬಿ ಮೇಲೆ 'ಕಳಚುಬಿಡಿ' ಅಂತಿದ್ದರೆ ಜನ ಚಪ್ಪಲಿ ಕಳಚಿ ಒಳಗೆ ಬರುತ್ತಾರೆ. ನಮ್ಮ ಕಡೆ ಬಾಯಲ್ಲಿರುವ ಪದ ಮೋಡಕಾ. ಸುಮ್ನೆ ಅದನ್ನೇ ಹಾಕಿ. ಇನ್ನು ಗುಜರಿ ಅಂದರೆ ಯಾಕೆ ಮೂಗು ಮುರಿಯಬೇಕು? ಮರಾಠಿಯಲ್ಲಿ ಗುಜರಿ ಅಂದರೆ ಪೇಟೆ. ಕೊಲ್ಹಾಪುರದ ಗುಜರಿಗೆ ಹೋಗಿ ನೋಡಿ, ಸಾಲಾಗಿ ಚಿನ್ನದಂಗಡಿಗಳು.

ಧಾರವಾಡದಿಂದ:
ಮೋಡಕಾ ಅಂದರೆ ಮುರಿದದ್ದು, ಅದೂ ಮರಾಠಿ. ಅವರ ಮಾಲು ಮುರಿದಿಲ್ಲ ಅಂತ ಮೇಲೆಯೇ ಬರೆದಿದ್ದಾರೆ. ಓದಿ ಉತ್ತರಿಸಿ. ಮನೆಯಲ್ಲಿ ಪದ ಇರುವಾಗ ಪಕ್ಕದ ಮನೆಗೆ ಯಾಕೆ ಹೋಗಬೇಕು?

ಗದಗದಿಂದ:
ನೀವು ಕೂತಿರುವ ಖುರ್ಚಿ, ಕೆಲಸ ಮಾಡಿದ ಕಚೇರಿ ಎರಡೂ ಪಕ್ಕದ ಮನೆಯವೇ. ಗ್ಯಾಂಗ್ ಕಂಡೆನ್ಸರ್ ತಿರುಗಿಸಿ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಹಿಡಿಯುತ್ತಿದ್ದ ಜನ ಅದಕ್ಕೊಂದು ಅಚ್ಚಗನ್ನಡ ಹೆಸರು ಬೇಕು ಅಂತ ಅಳಲಿಲ್ಲ.

ಹುಬ್ಬಳ್ಳಿಯಿಂದ:
ನನ್ನದು ರಿಪೇರಿ ಅಂಗಡಿ. ಗಿರಾಕಿ ಕೇಳುವುದು ಇಷ್ಟೇ: ಹೊಸದೋ, ಬೋರ್ಡಿಂದ ತೆಗೆದದ್ದೋ? ನಮ್ಮಲ್ಲಿ ಇನ್ನೊಂದು ಫರಕೂ ಇದೆ. ಇಕ್ಕಳ ಹಾಕಿ ಎಳೆದದ್ದು 'ಕಿತ್ತದ್ದು'. ಸೋಲ್ಡರ್ ಕರಗಿಸಿ, ಪಂಪಿನಿಂದ ಹೀರಿ, ಕಾಲು ಮುರಿಯದಂತೆ ತೆಗೆದದ್ದು 'ಬಿಚ್ಚಿದ್ದು'. ಜರ್ಮೇನಿಯಂ ಜಾಸ್ತಿ ಬಿಸಿ ತಡೆಯಲ್ಲ. ಅದಕ್ಕೇ ಕಾಲನ್ನು ಚಿಮಟಿಗೆಯಲ್ಲಿ ಹಿಡಿದುಕೊಂಡು ಸೋಲ್ಡರಿಂಗ್ ಐರನ್ ಇಡಬೇಕು, ಬಿಸಿ ಚಿಮಟಿಗೆಗೆ ಹೋಗುತ್ತದೆ. ಹಾಗೆ ತೆಗೆದಿದ್ದರೆ ಧೈರ್ಯವಾಗಿ 'ಬಿಚ್ಚಿದ್ದು' ಅಂತ ಬರೆಯಿರಿ. ಕೊಳ್ಳುವವರಿಗೆ ಅಷ್ಟರಲ್ಲೇ ಅರ್ಥವಾಗುತ್ತದೆ.

ಕೇಳಿದವರು:
ಹಾಗೇ ತೆಗೆದದ್ದು. 'ಬೋರ್ಡಿನಿಂದ ಬಿಚ್ಚಿದ ಬಿಡಿಭಾಗಗಳು, ಪರೀಕ್ಷಿಸಿದ್ದು' ಅಂತ ಬರೆದು ಅಂಟಿಸಿದೆ. ಎಲ್ಲರಿಗೂ ಧನ್ಯವಾದ.

ಧಾರವಾಡದಿಂದ:
ಕೇಳಿದ್ದು ಒಂದು ಪದ, ಬರೆದದ್ದು ನಾಲ್ಕು. ಅದರಲ್ಲಿ ಬೋರ್ಡು ಇಂಗ್ಲಿಷ್, ಪರೀಕ್ಷೆ ಸಂಸ್ಕೃತ.

ಕೇಳಿದವರು:
ಬೋರ್ಡಿಗೆ ಕನ್ನಡ ಸಿಕ್ಕರೆ ತಿಳಿಸಿ ಸರ್, ಮುಂದಿನ ಡಬ್ಬಿಗೆ ಹಾಕುತ್ತೇನೆ.