ಮಲೇರಿಯಾ ಪತ್ತೆ ಕಿಟ್ ಗ್ರೂಪ್: ಕೇಳಿ, ತಯಾರಿಸುವವರೇ ಉತ್ತರಿಸುತ್ತಾರೆ

ಲ್ಯಾಬ್ ಟೆಕ್ನಿಷಿಯನ್: ಸರ್, ಜ್ವರದ ರೋಗಿಯ ರಕ್ತ ಕಿಟ್‌ಗೆ ಹಾಕಿದೆ. ಸಿ (ಕಂಟ್ರೋಲ್) ಗೆರೆ ಬಂತು, ರೋಗ ತೋರಿಸುವ ಟಿ (ಟೆಸ್ಟ್) ಗೆರೆ ಇಲ್ಲ. ಮೈಕ್ರೋಸ್ಕೋಪಲ್ಲಿ ರಕ್ತದ ಸ್ಲೈಡ್ ನೋಡಿದರೆ ಫಾಲ್ಸಿಪ್ಯಾರಂ (ಜೀವಕ್ಕೆ ಅಪಾಯದ ಮಲೇರಿಯಾ ತರುವ ಪ್ಯಾರಾಸೈಟ್) ತುಂಬಿದೆ. ಕಿಟ್ ಪೆಟ್ಟಿಗೆ ಬಿಸಿಲಲ್ಲಿ ನಿಂತ ಜೀಪಿನಲ್ಲಿತ್ತು. ಆದರೂ ಸಿ ಬಂದಿದೆ ಅಂದ್ರೆ ಕಿಟ್ ಸರಿಯಿದೆ ಅಂತ ತಾನೇ?

ಕಿಟ್ ತಜ್ಞ: ಅಲ್ಲ. ರಕ್ತದ ಜೊತೆ ಹಾಕುವ ದ್ರವ, ಅಂದರೆ ಬಫರ್, ಹರಿಯಿತು, ಗೆರೆಗೆ ಬಣ್ಣ ಕೊಡುವ ಚಿನ್ನದ ಕಣ ಜೊತೆಗೆ ಬಂತು. ಸಿ ಗೆರೆ ಹೇಳುವುದು ಇಷ್ಟೇ. ಟಿ ಗೆರೆಯಲ್ಲಿರುವ ಆಂಟಿಬಾಡಿ ಬೇರೆ. ಅದು ಬಿಸಿಗೆ ಕೆಟ್ಟರೆ ಪ್ಯಾರಾಸೈಟಿನ ಪ್ರೋಟೀನ್ ಹಿಡಿಯುವುದಿಲ್ಲ. ಸಿ ಮಾತ್ರ ಕೆಂಪಗೆ ನಗುತ್ತಿರುತ್ತದೆ. ನಮಗೂ ದೊಡ್ಡ ತಲೆನೋವು ಇದೇ. ಒಣಗಿಸುವಾಗ ಟ್ರೆಹಲೋಸ್‌ನಂಥ ಸಕ್ಕರೆ ಸೇರಿಸಿ ಆಂಟಿಬಾಡಿ ಉಳಿಸಿಕೊಳ್ಳುತ್ತೇವೆ. ತೇವ ಒಳಗೆ ನುಗ್ಗಿದರೆ ಅದೂ ದಂಡ. ಫಾಯಿಲ್ ಚೀಲ, ತೇವ ಹೀರುವ ಪೊಟ್ಟಣ ಇರುವುದು ಅದಕ್ಕೇ. ಜಾಸ್ತಿ ಬಿಸಿಯಲ್ಲಿಟ್ಟು ಕಿಟ್ಟಿನ ಆಯಸ್ಸು ಬೇಗ ಅಂದಾಜು ಮಾಡಬಹುದು, ಆದರೆ ಪೂರ್ತಿ ಅವಧಿ ಕಾದು ನೋಡದೆ ಆ ಅಂದಾಜನ್ನು ನಂಬುವ ಹಾಗಿಲ್ಲ.

ಹಾಗಂತ ಜೀಪನ್ನೇ ದೂರಬೇಡಿ. ನನಗೆ ಬೇರೆ ಅನುಮಾನವೂ ಇದೆ. ಫಾಲ್ಸಿಪ್ಯಾರಂ ಕಿಟ್‌ಗಳಲ್ಲಿ ಹೆಚ್ಚಿನವು ಹುಡುಕುವುದು ಎಚ್‌ಆರ್‌ಪಿ2 ಪ್ರೋಟೀನನ್ನು. ಅದನ್ನು ತಯಾರಿಸುವ ಜೀನೇ ಇಲ್ಲದ ಪ್ಯಾರಾಸೈಟ್ ಇದೆ, 2010ರಲ್ಲಿ ಪೆರುವಿನಿಂದ ವರದಿಯಾಯಿತು. ಅದೇ ಕಂಪನಿಯ, ತಂಪಲ್ಲಿಟ್ಟ ಕಿಟ್‌ಗೆ ಅದೇ ರಕ್ತ ಹಾಕಿ. ಟಿ ಬಂದರೆ ಮೊದಲ ಕಿಟ್ ಕೆಟ್ಟಿತ್ತು. ಬರದಿದ್ದರೆ ಎಲ್‌ಡಿಎಚ್ ಎಂಬ ಬೇರೆ ಪ್ರೋಟೀನ್ ಹುಡುಕುವ ಕಿಟ್ ಹಾಕಿ, ಪಿಸಿಆರ್‌ಗೆ (ಜೀನ್ ಪರೀಕ್ಷೆಗೆ) ಒಣ ರಕ್ತದ ಚುಕ್ಕೆ ಎತ್ತಿಡಿ. ಚಿಕಿತ್ಸೆ ಮಾತ್ರ ಸ್ಲೈಡ್ ನೋಡಿಯೇ ಶುರುವಾಗಲಿ. ಇದಕ್ಕೆಲ್ಲ ಕಾಯಬೇಡಿ.

ಸದಸ್ಯೆ: ಕಿಟ್ ಫ್ರಿಡ್ಜಲ್ಲಿ ಇಡಬಹುದಾ?

ಕಿಟ್ ತಜ್ಞ: ಪೆಟ್ಟಿಗೆ ಮೇಲೆ ಬರೆದಷ್ಟು ತಂಪು ಸಾಕು. ಫ್ರೀಜರ್ ಬೇಡವೇ ಬೇಡ. ಫ್ರಿಡ್ಜಿಂದ ತೆಗೆದ ಕೂಡಲೇ ಚೀಲ ಒಡೆಯಬೇಡಿ, ತೇವ ಕೂರುತ್ತದೆ.

ಸದಸ್ಯ: ಫಾರ್ವರ್ಡ್ ಬಂದದ್ದು ಹಾಗೇ ಹಾಕಿದ್ದೇನೆ: "ಬಫರ್ ಮುಗಿದರೆ ಸಲೈನ್ ಸಾಕು. ಎಲ್ಲರಿಗೂ ತಲುಪಿಸಿ."

ಕಿಟ್ ತಜ್ಞ: ತಲುಪಿಸಬೇಡಿ. ಸಲೈನ್, ನೀರು, ಬೇರೆ ಕಿಟ್ಟಿನ ಬಫರ್, ಯಾವುದೂ ಬೇಡ. ಇಲ್ಲದ ರೋಗಕ್ಕೆ ಗೆರೆ ಬರುತ್ತದೆ.

ವಿದ್ಯಾರ್ಥಿ: ಸ್ಲೈಡ್ ಇರುವಾಗ ಈ ಕಿಟ್ ಯಾಕೆ ಬೇಕು?

ಲ್ಯಾಬ್ ಟೆಕ್ನಿಷಿಯನ್: ಮೈಕ್ರೋಸ್ಕೋಪು, ಕರೆಂಟು ನೀವು ಹೊತ್ತು ತರ್ತೀರಾ?

ವಿದ್ಯಾರ್ಥಿ: ಸ್ಲೈಡ್ ನೋಡುವವರನ್ನು ತಯಾರು ಮಾಡದೆ ಸುಮ್ನೆ ಕಿಟ್ ಹಂಚಿದರೆ ಹೀಗೇ ಆಗೋದು.

ಲ್ಯಾಬ್ ಟೆಕ್ನಿಷಿಯನ್: ಆ ಸ್ಲೈಡ್ ನೋಡಿದ್ದು ನಾನೇ ಸ್ವಾಮಿ. ಮೊದಲು ಪೂರ್ತಿ ಓದಿ.

ಸದಸ್ಯೆ: ಔಷಧಿ ಮುಗಿದು ಎರಡು ವಾರ ಆಯಿತು, ಕಿಟ್ ಇನ್ನೂ ಪಾಸಿಟಿವ್?

ಕಿಟ್ ತಜ್ಞ: ಎಚ್‌ಆರ್‌ಪಿ2 ವಾರಗಟ್ಟಲೆ ರಕ್ತದಲ್ಲಿರುತ್ತದೆ. ಸ್ಲೈಡ್ ಮಾಡಿಸಿ.

ಇನ್ನೊಬ್ಬರು: ಕಾಲಾ ಅಜಾರ್ ರೋಗ ಪತ್ತೆಯ ಆರ್‌ಕೆ39 ಕಿಟ್ಟೂ ಹೀಗೇನಾ ಸರ್?

ಸದಸ್ಯ: ಸರ್, ಫ್ರಿಡ್ಜಲ್ಲಿ ಇಡಬಹುದಾ?

ಕಿಟ್ ತಜ್ಞ: ಮೇಲೆ ಓದಿ.

ಸದಸ್ಯ: "ಈ ಎಲೆ ರಸ ಕುಡಿದರೆ ಟೆಸ್ಟೇ ಬೇಡ." ಇದೂ ಬಂದಿದೆ.

ಕಿಟ್ ತಜ್ಞ: ಫಾಲ್ಸಿಪ್ಯಾರಂ ತಡವಾದರೆ ಜೀವ ಹೋಗುತ್ತದೆ. ಅಳಿಸಿ. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಗ್ರೂಪ್ ಬಿಡ್ತೀನಿ.

ಇನ್ನೊಬ್ಬರು: ಆರ್‌ಕೆ39 ಕೇಳಿದ್ದೆ ಸರ್?