ಮಾವಿ ದ್ವೀಪದಲ್ಲಿ ಕಡಲ ಎದುರಿನ ಕಾಂಡೊ: ಉಳಿದು ಬಂದವರು ಹೇಳಿ

ಪ್ರಶ್ನೆ, ಸಾಗರದಿಂದ

ನಮಸ್ಕಾರ ಎಲ್ಲರಿಗೂ. ಮಗಳು, ಅಳಿಯ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಅಡಿಕೆ ಕೊಯ್ಲು ಮುಗಿಸಿಕೊಂಡು ಫೆಬ್ರವರಿ ಕೊನೆಗೆ ನಾವು ಹೊರಡುತ್ತೇವೆ. ಅಲ್ಲಿಂದ ಎಲ್ಲರೂ ಸೇರಿ ಹವಾಯಿಯ ಮಾವಿ ದ್ವೀಪಕ್ಕೆ ಒಂದು ವಾರ ಹೋಗುವ ಯೋಚನೆ. ಹೋಟೆಲ್ ಬೇಡ, ಕಿಹೇ ಅನ್ನುವ ಊರಲ್ಲಿ ಕಡಲ ಎದುರೇ ಇರುವ ಕಾಂಡೊ ರೆಸಾರ್ಟ್ ಹಿಡಿಯೋಣ ಅಂತಾಳೆ ಮಗಳು. "ಅಷ್ಟು ದೂರ ಹೋಗಿ ಅಲ್ಲೂ ಪಾತ್ರೆ ತೊಳೆಯುವುದಾ?" ಅಂತಾರೆ ಯಜಮಾನರು. ನಾವು ಸಸ್ಯಾಹಾರಿಗಳು. ಅತ್ತೆಗೆ ಎಪ್ಪತ್ತು ದಾಟಿದೆ, ಮಂಡಿ ನೋವು, ಮೆಟ್ಟಿಲು ಆಗುವುದಿಲ್ಲ. ಕಡಲ ಎದುರಿನ ಮನೆಗೆ ಬಾಡಿಗೆ ತುಂಬಾ ಜಾಸ್ತಿ. ಅಷ್ಟು ಕೊಡಬೇಕಾ? ಇಲ್ಲಿಂದ ಏನೇನು ಒಯ್ಯಬೇಕು?

ತೀರ್ಥಹಳ್ಳಿಯಿಂದ

ಅಕ್ಕಾ, ಕಾಂಡೊ ರೆಸಾರ್ಟ್ ಅಂದರೆ ಹೆಸರಿಗೆ ರೆಸಾರ್ಟ್, ಒಳಗೆ ಅಪಾರ್ಟ್‌ಮೆಂಟ್. ಒಂದೊಂದು ಮನೆಗೂ ಒಬ್ಬೊಬ್ಬ ಓನರ್. ಈಜುಕೊಳ, ಹುಲ್ಲಿನ ಅಂಗಳ, ಪಾರ್ಕಿಂಗ್ ಎಲ್ಲರದ್ದು. ಹಾಸಿಗೆ, ಸೋಫಾ, ಏಸಿ, ಪಾತ್ರೆಪಗಡ ಆಯಾ ಓನರದ್ದು. ಹಾಗಾಗಿ ಒಂದೇ ಕಟ್ಟಡದಲ್ಲಿ ಅಕ್ಕಪಕ್ಕದ ಎರಡು ಮನೆಗೆ ಅಜಗಜಾಂತರ ಇರುತ್ತದೆ. ಕಟ್ಟಡದ ಬಗ್ಗೆ ಜನ ಏನು ಬರೆದಿದ್ದಾರೆ ಅಂತ ಓದಿ ದುಡ್ಡು ಕಟ್ಟಬೇಡಿ. ನೀವು ಹಿಡಿಯುವ ಮನೆ ನಂಬರಿನದ್ದೇ ಫೋಟೊ, ಅದರದ್ದೇ ಅಭಿಪ್ರಾಯ ನೋಡಿ. ಕೆಲವರು ನಂಬರ್ ಹೇಳುವುದಿಲ್ಲ, "ಈ ನಮೂನೆಯದ್ದು ಯಾವುದಾದರೂ ಕೊಡುತ್ತೇವೆ" ಅಂತಾರೆ. ನಾನಾದರೆ ಅಂಥದ್ದರ ತಂಟೆಗೆ ಹೋಗುವುದಿಲ್ಲ.

ಅತ್ತೆಯವರ ವಿಷಯ ಎಲ್ಲಕ್ಕಿಂತ ಮುಖ್ಯ. ಕಿಹೇಯ ಹಳೆಯ ಕಾಂಡೊಗಳಲ್ಲಿ ಎರಡು ಮೂರು ಅಂತಸ್ತಿನವು ಬಹಳ. ಅಂಥ ಕಡೆ ಎಷ್ಟೋ ಸಲ ಲಿಫ್ಟೇ ಇರುವುದಿಲ್ಲ. ಅಮೆರಿಕದಲ್ಲಿ ಫಸ್ಟ್ ಫ್ಲೋರ್ ಅಂದರೆ ನೆಲಮಟ್ಟದ ಮನೆ, ಸೆಕೆಂಡ್ ಫ್ಲೋರ್ ಅಂದರೆ ಒಂದು ಮಹಡಿ ಹತ್ತಬೇಕು. ಮಗಳಿಗೆ ಇದು ಗೊತ್ತಿರುತ್ತದೆ, ನೀವು ಫೋಟೊ ನೋಡುವಾಗ ಗಲಿಬಿಲಿ ಆಗಬಾರದು ಅಂತ ಹೇಳಿದೆ. ಬಚ್ಚಲನ್ನೂ ವಿಚಾರಿಸಿ. ಹಳೆಯ ಮನೆಗಳಲ್ಲಿ ಶವರ್ ಟಬ್ಬಿನ ಮೇಲೆಯೇ ಇರುತ್ತದೆ. ಮಂಡಿ ನೋವಿದ್ದವರು ಆ ಟಬ್ಬಿನ ಅಂಚು ದಾಟುವುದು ಮೆಟ್ಟಿಲು ಹತ್ತುವುದಕ್ಕಿಂತ ಕಷ್ಟ, ನೆಲವೂ ಜಾರುತ್ತದೆ. ನೇರವಾಗಿ ನಡೆದು ಹೋಗುವಂಥ ಶವರ್ ಇದೆಯಾ, ಹಿಡಿದುಕೊಳ್ಳಲು ಕಂಬಿ ಇದೆಯಾ ಅಂತ ಓನರಿಗೆ ಬರೆದೇ ಕೇಳಿ.

ಇನ್ನು ‘ಕಡಲ ಎದುರು’ ಅನ್ನುವುದು. ಓಷನ್‌ಫ್ರಂಟ್ ಅಂದರೆ ಕಟ್ಟಡಕ್ಕೂ ಕಡಲಿಗೂ ನಡುವೆ ರಸ್ತೆ ಇರಬಾರದು, ಬೇರೆ ಕಟ್ಟಡ ಇರಬಾರದು. ಓಷನ್ ವ್ಯೂ ಅಂದರೆ ಕಡಲು ಕಾಣುತ್ತದೆ ಅಷ್ಟೆ. ಕಿಹೇಯಲ್ಲಿ ಎಷ್ಟೋ ಕಾಂಡೊಗಳ ಎದುರು ಸೌತ್ ಕಿಹೇ ರಸ್ತೆ, ಅದರಾಚೆ ಕಡಲು. ಪಾರ್ಶಿಯಲ್ ಓಷನ್ ವ್ಯೂ ಅಂತ ಬರೆದಿದ್ದರೆ ಬಾಲ್ಕನಿಯ ಮೂಲೆಗೆ ಹೋಗಿ ಕತ್ತು ಚಾಚಿದರೆ ಒಂದಿಷ್ಟು ನೀಲಿ ಕಾಣಬಹುದು. ಮತ್ತೂ ಒಂದು ಕಿತಾಪತಿ ಇದೆ: ಕಟ್ಟಡ ಓಷನ್‌ಫ್ರಂಟೇ ಹೌದು, ನಿಮ್ಮ ಮನೆ ಮಾತ್ರ ಪಾರ್ಕಿಂಗ್ ಕಡೆಗೆ. ಕಡಲ ಎದುರಿಗಿದ್ದರೂ ಮರಳ ದಂಡೆ ಇರಲೇಬೇಕು ಅಂತಿಲ್ಲ. ಮಾವಿ ಜ್ವಾಲಾಮುಖಿಯಿಂದ ಎದ್ದ ದ್ವೀಪ. ತುಂಬಾ ಕಡೆ ಕಪ್ಪು ಲಾವಾ ಬಂಡೆಗೇ ಅಲೆ ಹೊಡೆಯುತ್ತದೆ, ಕಾಲಿಡಲು ಆಗುವುದಿಲ್ಲ. ಮ್ಯಾಪಿನಲ್ಲಿ ಉಪಗ್ರಹದ ಚಿತ್ರ ತೆರೆದು ನೋಡಿದರೆ ಎಲ್ಲ ಗೊತ್ತಾಗುತ್ತದೆ.

ಬಾಡಿಗೆ ಅಂತ ಮೊದಲು ತೋರಿಸುವ ಅಂಕಿ ನಂಬಬೇಡಿ. ಅದರ ಮೇಲೆ ಕ್ಲೀನಿಂಗ್ ಶುಲ್ಕ ಬೇರೆ, ಕೆಲವು ಕಡೆ ರೆಸಾರ್ಟ್ ಶುಲ್ಕ, ಪಾರ್ಕಿಂಗ್ ಶುಲ್ಕ ಬೇರೆ. ಹವಾಯಿಯಲ್ಲಿ ಉಳಿಯುವ ಬಾಡಿಗೆಗೆ ರಾಜ್ಯದ್ದು, ಕೌಂಟಿಯದ್ದು (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ), ಮಾರಾಟದ್ದು ಅಂತ ಎಲ್ಲ ತೆರಿಗೆ ಸೇರಿ ನೂರಕ್ಕೆ 18ರ ಮೇಲಾಗುತ್ತದೆ. ಇದರಲ್ಲಿ ರಾಜ್ಯದ ಪಾಲು 2026ರ ಜನವರಿಯಿಂದ 10.25ರಿಂದ 11ಕ್ಕೆ ಏರಿದೆ. ಕ್ಲೀನಿಂಗ್ ಶುಲ್ಕ ಸಾಮಾನ್ಯವಾಗಿ ಒಂದೇ ಸಲ ಹಾಕುವುದು. ಎರಡು ರಾತ್ರಿಗೆ ಅದು ದುಬಾರಿ, ಒಂದು ವಾರಕ್ಕೆ ಪರವಾಗಿಲ್ಲ.

ಶಿವಮೊಗ್ಗ, ವಿನೋಬನಗರದಿಂದ

ಪಾತ್ರೆ ವಿಷಯ ನಾನು ಹೇಳುತ್ತೇನೆ. ನಿಮ್ಮ ಯಜಮಾನರಿಗೆ ಹೇಳಿ, ಅಲ್ಲಿ ಡಿಶ್‌ವಾಷರ್ ಇರುತ್ತದೆ, ಗಂಡಸರಿಗೂ ಗುಂಡಿ ಒತ್ತಲು ಬರುತ್ತದೆ!

ಸಸ್ಯಾಹಾರಿಗಳಿಗೆ ಕಾಂಡೊವೇ ಸರಿ. ಹೊರಗೆ ಎಲ್ಲಿ ನೋಡಿದರೂ ಮೀನು, ಹಂದಿ ಮಾಂಸ. ಮೆನುವಿನಲ್ಲಿ ನಮಗೆ ಸಿಗುವುದು ಸಲಾಡ್, ಆಲೂಗೆಡ್ಡೆ ಫ್ರೈ. ಒಂದೆರಡು ದಿನ ಸರಿ, ಆಮೇಲೆ ಅತ್ತೆಯವರಿಗೆ ಬಿಸಿ ಅನ್ನ, ತಿಳಿಸಾರು ಬೇಕೇ ಬೇಕು ಅಲ್ವಾ? ಪುಣ್ಯಕ್ಕೆ ಹವಾಯಿಯವರೂ ಅನ್ನ ಉಣ್ಣುವವರೇ. ಅಕ್ಕಿ ಪ್ರತಿ ಅಂಗಡಿಯಲ್ಲಿ ಇದೆ, ರೈಸ್ ಕುಕ್ಕರ್ ತುಂಬಾ ಕಾಂಡೊಗಳಲ್ಲಿ ಇರುತ್ತದೆ. ವಿಮಾನ ಇಳಿಯುವ ಕಹುಲುಯಿಯಲ್ಲೇ ಕಾಸ್ಟ್‌ಕೊ ಅನ್ನುವ ದೊಡ್ಡ ಅಂಗಡಿ ಇದೆ. ಮನೆಗೆ ಹೋಗುವ ಮೊದಲು ಅಲ್ಲೇ ಹಾಲು, ಮೊಸರು, ತರಕಾರಿ, ಕುಡಿಯುವ ನೀರು ತುಂಬಿಸಿಕೊಳ್ಳಿ. ಮನೆಯ ಕೀಲಿ ಕೊಡುವುದು ಮಧ್ಯಾಹ್ನ ಮೂರು, ನಾಲ್ಕರ ನಂತರ. ಅಲ್ಲಿಯವರೆಗೆ ಮಾಡಲು ಬೇರೆ ಕೆಲಸವೂ ಇರುವುದಿಲ್ಲ. ದ್ವೀಪಕ್ಕೆ ಸಾಮಾನು ಬಹುಪಾಲು ಹಡಗಿನಲ್ಲಿ ಬರುವುದರಿಂದ ಕ್ಯಾಲಿಫೋರ್ನಿಯಾಕ್ಕಿಂತ ಎಲ್ಲ ದುಬಾರಿ. ಹಾಲಿನ ರೇಟು ನೋಡಿ ರೂಪಾಯಿಗೆ ಲೆಕ್ಕ ಹಾಕಬೇಡಿ, ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ.

ಇಲ್ಲಿಂದ ಒಯ್ಯುವುದು: ಸಾರಿನ ಪುಡಿ, ಚಟ್ನಿಪುಡಿ, ಹುಣಸೆಹಣ್ಣು, ಕಾಫಿಪುಡಿ, ಫಿಲ್ಟರ್, ಒಗ್ಗರಣೆಗೆ ಒಂದು ಪುಟ್ಟ ಸೌಟು. ಅಲ್ಲಿ ಸಾಸಿವೆ ಸಿಡಿಸಲು ದೊಡ್ಡ ಫ್ರೈಪ್ಯಾನ್ ಬಿಟ್ಟರೆ ಏನೂ ಸಿಗುವುದಿಲ್ಲ. ಒಯ್ಯಬಾರದ್ದು: ಹಸಿ ಕರಿಬೇವು, ವೀಳ್ಯದೆಲೆ, ಹಣ್ಣು, ಹೂವು, ಅಕ್ಕಿ. ಕರಿಬೇವಿನಲ್ಲಿ ನಿಂಬೆ, ಕಿತ್ತಳೆ ಗಿಡಕ್ಕೆ ರೋಗ ಹರಡುವ ಕೀಟ ಬರುತ್ತದೆ ಅಂತ ಅಮೆರಿಕ ಬಿಡುವುದಿಲ್ಲ. ನಮ್ಮ ದೇಶದ ಅಕ್ಕಿಯನ್ನು ಬ್ಯಾಗಿನಲ್ಲಿ ತರಲು ಬಿಡದಿರುವುದು ಖಾಪ್ರಾ ಅನ್ನುವ ಹುಳುವಿನ ಭಯಕ್ಕೆ. ಪುಡಿ, ಉಪ್ಪಿನಕಾಯಿ ಇದ್ದರೂ ಕಸ್ಟಮ್ಸ್‌ನವರಿಗೆ ಮೊದಲೇ ಹೇಳಿಬಿಡಿ. ಹೇಳಿ ತೋರಿಸಿದರೆ ಹೆಚ್ಚೆಂದರೆ ಎತ್ತಿಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ. ಕ್ಯಾಲಿಫೋರ್ನಿಯಾದಿಂದ ಹವಾಯಿಗೆ ಹೋಗುವಾಗಲೂ ಗಿಡ, ಹಣ್ಣಿನ ಬಗ್ಗೆ ಒಂದು ಫಾರಂ ತುಂಬಬೇಕು. ವಾಪಸ್ ಬರುವಾಗ ಅನಾನಸ್, ತೆಂಗಿನಕಾಯಿ ತರಬಹುದು. ಮಾವಿನಹಣ್ಣು ಬಿಡುವುದಿಲ್ಲ.

ಒಗ್ಗರಣೆ ಹಾಕುವಾಗ ಒಲೆ ಮೇಲಿನ ಫ್ಯಾನ್ ಹಾಕಿ, ಬಾಲ್ಕನಿ ಬಾಗಿಲು ತೆಗೆದಿಡಿ. ಸ್ಮೋಕ್ ಅಲಾರಂ ಒಣಮೆಣಸಿನ ಘಾಟಿಗೆ ಕಿರುಚುತ್ತದೆ. ಒಲೆ ಸಾಮಾನ್ಯವಾಗಿ ಗ್ಯಾಸ್ ಅಲ್ಲ, ಕರೆಂಟಿನದ್ದು. ಆರಿಸಿದ ಮೇಲೂ ತುಂಬಾ ಹೊತ್ತು ಸುಡುತ್ತಿರುತ್ತದೆ, ಅತ್ತೆಯವರಿಗೆ ಹೇಳಿಡಿ.

ರೈತರ ಸಂತೆ ಇದ್ದರೆ ಮಾತ್ರ ತಪ್ಪಿಸಬೇಡಿ. ಅಲ್ಲಿ ಕೆಸು ಸಿಗುತ್ತದೆ! ಹವಾಯಿಯವರಿಗೆ ಕೆಸುವಿನ ಗೆಡ್ಡೆಯೇ ಹಿಂದಿನಿಂದ ಬಂದ ಊಟ. ಅದನ್ನು ಬೇಯಿಸಿ ಜಜ್ಜಿ ಪೋಯ್ ಅಂತ ಮಾಡುತ್ತಾರೆ. ಎಲೆಯನ್ನು ಲುವಾವ್ ಎಲೆ ಅಂತ ಮಾರುತ್ತಾರೆ. ಅದರಲ್ಲಿ ಸುತ್ತಿ ಬೇಯಿಸುವ ಲಾವ್‌ಲಾವ್ ನೋಡಿ ಪತ್ರೊಡೆ ಅಂತ ಕೈ ಹಾಕಬೇಡಿ, ಒಳಗೆ ಹಂದಿ ಮಾಂಸ ಅಥವಾ ಮೀನು ಇರುತ್ತದೆ. ಎಲೆ ತಂದು ನೀವೇ ಪತ್ರೊಡೆ ಮಾಡಬಹುದು. ಹುಣಸೆಹುಳಿ ಧಾರಾಳ ಹಾಕಿ, ಚೆನ್ನಾಗಿ ಬೇಯಿಸಿ, ತುರಿಕೆ ಅಲ್ಲಿಯ ಕೆಸುವಿಗೂ ಇದೆ. ದೀವಿಹಲಸನ್ನು ಅವರು ಉಲು ಅಂತಾರೆ, ಪೋಡಿಗೆ ಬಹಳ ಚೆನ್ನಾಗಿರುತ್ತದೆ.

ಹೊಸನಗರದಿಂದ

ನಾನು ಸ್ವಲ್ಪ ಬೇರೆ ಹೇಳುತ್ತೇನೆ ಮಾರಾಯ್ರೆ. ಕಡಲ ಎದುರಿನ ಮನೆ ಒಂದು ವಾರಕ್ಕೆ ಬೇಡ. ಬೆಳಿಗ್ಗೆ ಎದ್ದು ನೀವು ಎಲ್ಲೋ ಸುತ್ತಲು ಹೋಗುತ್ತೀರಿ, ಕಡಲು ನೋಡುವುದು ಸಂಜೆ ಒಂದು ಗಂಟೆ. ಕಿಹೇ ಊರು ಪಶ್ಚಿಮಕ್ಕೆ ಮುಖ ಮಾಡಿದೆ. ಮಧ್ಯಾಹ್ನದ ಮೇಲೆ ಬಿಸಿಲು ನೇರ ಬಾಲ್ಕನಿಗೆ. ಅದರ ಮೇಲೆ ಗಾಳಿ ಬೇರೆ. ಬೆಳಿಗ್ಗೆ ಕಡಲು ಕೆರೆಯ ಹಾಗೆ ಇರುತ್ತದೆ, ಊಟದ ಹೊತ್ತಿಗೆ ಗಾಳಿ ಎದ್ದು ಕುರ್ಚಿ ಹಾರುತ್ತದೆ. ಕಿಹೇಯ ಉತ್ತರದ ತುದಿ, ಮಾಲಾಯಾ ಕಡೆ ಇದು ಇನ್ನೂ ಜಾಸ್ತಿ. ಉಪ್ಪುಗಾಳಿಗೆ ಪಕ್ಕಕ್ಕೆ ಸರಿಸುವ ಬಾಗಿಲಿನ ಹಳಿ ತುಕ್ಕು ಹಿಡಿದು ಬಾಗಿಲು ಸರಿಯುವುದಿಲ್ಲ. ನಮ್ಮದು ಹಾಗೇ ಇತ್ತು. ಓನರಿಗೆ ಹೇಳಿದರೆ "ಕಡಲ ಹತ್ತಿರ ಹೀಗೇ" ಅಂದ.

ಹವಾಯಿಯಲ್ಲಿ ಕಡಲತೀರ ಸಾರ್ವಜನಿಕರದ್ದು. ಎಷ್ಟು ದೊಡ್ಡ ರೆಸಾರ್ಟ್ ಇದ್ದರೂ ದಂಡೆಗೆ ಹೋಗಲು ಸಾರ್ವಜನಿಕ ದಾರಿ ಬಿಟ್ಟಿರುತ್ತಾರೆ. ರಸ್ತೆಯ ಈಚೆ ಬದಿಯ ಮನೆ ಹಿಡಿದು ನಡೆದು ಹೋದರೂ ಅದೇ ಮರಳು, ಅದೇ ನೀರು. ಉಳಿದ ದುಡ್ಡಿಗೆ ದೊಡ್ಡ ಕಾರು ತೆಗೆದುಕೊಳ್ಳಿ.

ತೀರ್ಥಹಳ್ಳಿಯಿಂದ

ಹೊಸನಗರದ ಅಣ್ಣ ಹೇಳಿದ್ದು ಓಡಾಡುವವರಿಗೆ ಸರಿ. ಇವರ ಜೊತೆ ಮಂಡಿ ನೋವಿನ ಅತ್ತೆ ಇದ್ದಾರಲ್ಲ. ಅವರು ದಿನದಲ್ಲಿ ಹೆಚ್ಚು ಹೊತ್ತು ಮನೆಯಲ್ಲೇ ಇರುತ್ತಾರೆ. ಫೆಬ್ರವರಿ ಅಂದರೆ ತಿಮಿಂಗಿಲದ ಕಾಲ. ಅಲಾಸ್ಕಾ ಕಡೆಯಿಂದ ಹಂಪ್‌ಬ್ಯಾಕ್ ತಿಮಿಂಗಿಲಗಳು ಮರಿ ಹಾಕಲು ಮಾವಿಯ ಸುತ್ತಲಿನ ಬೆಚ್ಚಗಿನ ನೀರಿಗೆ ಬರುತ್ತವೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಇರುತ್ತವೆ. ಬಾಲ್ಕನಿಯಲ್ಲಿ ಕೂತೇ ಅವು ನೀರು ಚಿಮ್ಮುವುದು, ಎಗರಿ ಬೀಳುವುದು ಕಾಣುತ್ತದೆ. ದೋಣಿ ಹತ್ತಲಾಗದವರಿಗೆ ಇದು ದೊಡ್ಡ ವಿಷಯ. ಜಾಹೀರಾತಿನಲ್ಲಿ ಲನಾಯ್ ಅಂತ ಬರೆದಿರುವುದೇ ಬಾಲ್ಕನಿ. ಅತ್ತೆ ಇರುವುದರಿಂದ ನಾನಾದರೆ ದುಡ್ಡು ಕೊಡುತ್ತೇನೆ. ಇಲ್ಲದಿದ್ದರೆ ನಾನೂ ಹಿಂದಿನ ಸಾಲಿನದ್ದೇ ಹಿಡಿಯುತ್ತಿದ್ದೆ.

ಮಳೆ ಬಗ್ಗೆ ಹೆದರಬೇಡಿ. ನಮ್ಮ ಘಟ್ಟದ ಲೆಕ್ಕವೇ ಅಲ್ಲೂ. ಮೋಡ ಗುಡ್ಡದ ಒಂದು ಬದಿಗೆ ಸುರಿದು ಖಾಲಿಯಾಗುತ್ತದೆ. ಇಲ್ಲಿ ಪಶ್ಚಿಮದಿಂದ ಬಂದು ಆಗುಂಬೆಯಲ್ಲಿ ಸುರಿಯುತ್ತದೆ, ಅಲ್ಲಿ ಈಶಾನ್ಯದಿಂದ ಬಂದು ದ್ವೀಪದ ಪೂರ್ವದಲ್ಲಿರುವ ಹಾನಾ ಕಡೆ ಸುರಿಯುತ್ತದೆ. ಕಿಹೇ ಮರೆಯಲ್ಲಿರುವ ಒಣ ಊರು. ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ. ದಾಟಿದರೆ ಕಿಹೇಗೆ 300ರ ಆಸುಪಾಸು. ಮಳೆ, ಹಸಿರು, ಜಲಪಾತ ಬೇಕು ಅಂತ ಹಾನಾ ಕಡೆ ಮನೆ ಹಿಡಿಯುವವರಿದ್ದಾರೆ. ಅದನ್ನು ನೋಡಲು ಸಾಗರದವರು ಅಷ್ಟು ದೂರ ಹೋಗಬೇಕಾ?

ಕೊಪ್ಪದಿಂದ

ನೀರಿನ ವಿಷಯ ಯಾರೂ ಹೇಳಲಿಲ್ಲ. ತುಂಗೆಯಲ್ಲಿ ಈಜಿ ಬೆಳೆದವರಿಗೆ ಧೈರ್ಯ ಜಾಸ್ತಿ, ಅದೇ ತೊಂದರೆ. ಕಾಂಡೊ ಎದುರಿನ ದಂಡೆಯಲ್ಲಿ ಲೈಫ್‌ಗಾರ್ಡ್ ಸಾಮಾನ್ಯವಾಗಿ ಇರುವುದಿಲ್ಲ. ಕಿಹೇಯಲ್ಲಿ ಕಮಾವೋಲೆ ಅಂತ ಮೂರು ಬೀಚ್ ಪಾರ್ಕ್‌ಗಳಿವೆ, ಅಲ್ಲಿ ಇರುತ್ತಾರೆ. ನೀರಿಗಿಳಿಯುವವರು ಬೆಳಿಗ್ಗೆಯೇ ಅಲ್ಲಿಗೆ ಹೋಗಿ. ದಕ್ಷಿಣಕ್ಕಿರುವ ಮಕೇನಾದ ಬಿಗ್ ಬೀಚ್ ನೋಡಲು ಚಂದ. ಅಲೆ ದಂಡೆಯಲ್ಲೇ ಮುರಿದು ಬಿದ್ದು ಕತ್ತು, ಬೆನ್ನು ಮುರಿದುಕೊಂಡವರಿದ್ದಾರೆ. ಕಡಲಿಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳಬೇಡಿ. ಮಳೆ ಬಂದು ನೀರು ಕೆಂಪಗಾದ ದಿನ ಇಳಿಯಲೇಬೇಡಿ.

ಸನ್‌ಸ್ಕ್ರೀನ್ ಇಲ್ಲಿಂದ ಕೊಂಡು ಹೋಗಬೇಡಿ. ಹವಳಕ್ಕೆ ಹಾನಿ ಅಂತ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವುದನ್ನು ಮಾರುವುದನ್ನು ಹವಾಯಿ 2021ರಲ್ಲಿ ನಿಲ್ಲಿಸಿತು. ಮಾವಿ ಕೌಂಟಿಯಲ್ಲಿ 2022ರ ಅಕ್ಟೋಬರ್‌ನಿಂದ ಜಿಂಕ್ ಆಕ್ಸೈಡ್ ಥರದ ಖನಿಜದ್ದು ಮಾತ್ರ ಹಚ್ಚಬಹುದು. ಆಮೆ ದಂಡೆಗೆ ಬಂದು ಮಲಗಿದ್ದರೆ ಹತ್ತಡಿ ದೂರ ನಿಲ್ಲಿ, ಮುಟ್ಟಿ ನಮಸ್ಕಾರ ಮಾಡಲು ಹೋಗಬೇಡಿ.

ಸಾಗರದಿಂದ

ಎಲ್ಲರಿಗೂ ಧನ್ಯವಾದ. ಎಲ್ಲವನ್ನೂ ಮಗಳಿಗೆ ಕಳಿಸಿದೆ. ನೆಲಮಟ್ಟದ ಮನೆಯನ್ನೇ ಹುಡುಕುತ್ತಿದ್ದಾಳೆ. ಇನ್ನೆರಡು ಪ್ರಶ್ನೆ. ಮಿಕ್ಸಿ ಒಯ್ಯಲೇ? ಹಾನಾ ರಸ್ತೆ ಮತ್ತು ಲಹೈನಾ ನೋಡಬೇಕು ಅಂತಾನೆ ಅಳಿಯ. ಅತ್ತೆಗೆ ಆಗುತ್ತದಾ?

ಶಿವಮೊಗ್ಗ, ವಿನೋಬನಗರದಿಂದ

ಮಿಕ್ಸಿ ಬೇಡ. ಅಲ್ಲಿ ಕರೆಂಟು 120 ವೋಲ್ಟ್, ನಮ್ಮದು 230ರದ್ದು, ಸರಿಯಾಗಿ ತಿರುಗುವುದಿಲ್ಲ. ಎಷ್ಟೋ ಕಾಂಡೊಗಳಲ್ಲಿ ಬ್ಲೆಂಡರ್ ಇರುತ್ತದೆ, ಚಟ್ನಿಗೆ ಸಾಕು.

ತೀರ್ಥಹಳ್ಳಿಯಿಂದ

ಆಗುಂಬೆ ಘಾಟಿಯ 14 ತಿರುವಿಗೇ ಅತ್ತೆಯವರು ಕಿಟಕಿ ಹುಡುಕುವವರಾದರೆ ಹಾನಾ ಬೇಡ. ಆ ರಸ್ತೆಯಲ್ಲಿ ತಿರುವು 600ರ ಮೇಲಿವೆ, ಬಹಳ ಸೇತುವೆಗಳಲ್ಲಿ ಒಂದೇ ಗಾಡಿ ದಾಟಬಹುದು. ಆ ದಿನ ಅವರು, ನೀವು ಮನೆಯಲ್ಲಿರಿ, ಮಕ್ಕಳು ಹೋಗಿ ಬರಲಿ. ಹಾಲೆಯಾಕಲಾ ಶಿಖರಕ್ಕೆ ಕಾರು ಮೇಲಿನವರೆಗೆ ಹೋಗುತ್ತದೆ, ಆದರೆ 3,055 ಮೀಟರ್ ಎತ್ತರ, ಚಳಿ ಕೊರೆಯುತ್ತದೆ. ಉಸಿರಿನ ತೊಂದರೆ, ಬಿಪಿ ಇದ್ದರೆ ಡಾಕ್ಟರನ್ನು ಕೇಳಿಕೊಳ್ಳಿ. ಸೂರ್ಯೋದಯ ನೋಡಲು ಮುಂಚಿತವಾಗಿ ಬುಕಿಂಗ್ ಬೇಕು, ಸೂರ್ಯಾಸ್ತಕ್ಕೆ ಬೇಡ.

ಲಹೈನಾ 2023ರ ಆಗಸ್ಟ್ 8ರ ಬೆಂಕಿಯಲ್ಲಿ ಸುಟ್ಟುಹೋದ ಊರು. 100ಕ್ಕೂ ಹೆಚ್ಚು ಜನ ತೀರಿಕೊಂಡರು. ಅಲ್ಲಿ 1873ರಲ್ಲಿ ನೆಟ್ಟ ಆಲದ ಮರ ಇದೆ, ಸಸಿ ಹೋಗಿದ್ದು ಭಾರತದಿಂದ. ಬೆಂಕಿಯಲ್ಲಿ ಬೆಂದು ಮತ್ತೆ ಚಿಗುರಿದೆ. ಹೋದರೆ ಸುಟ್ಟ ಮನೆಗಳ ಮುಂದೆ ನಿಂತು ಫೋಟೊ ತೆಗೆಯಬೇಡಿ, ಅಲ್ಲಿಯವರಿಗೆ ನೋವಾಗುತ್ತದೆ. ಬೆಂಕಿಯ ನಂತರ ಊರವರಿಗೇ ಮನೆ ಸಿಗದೆ ಕಾಂಡೊಗಳನ್ನು ಪ್ರವಾಸಿಗರಿಗೆ ಕೊಡುವ ಬಗ್ಗೆ ದೊಡ್ಡ ಜಗಳವೇ ಆಗಿದೆ. ಹಾಗಾಗಿ ದುಡ್ಡು ಕಟ್ಟುವ ಮೊದಲು ಜಾಹೀರಾತಿನಲ್ಲಿ ತೆರಿಗೆ ನೋಂದಣಿ ನಂಬರ್ ಇದೆಯಾ ನೋಡಲು ಮಗಳಿಗೆ ಹೇಳಿ. ಅದನ್ನು ಹಾಕಲೇಬೇಕು ಅಂತ ಹವಾಯಿಯಲ್ಲಿ ಕಾನೂನಿದೆ. ಇಲ್ಲದಿದ್ದರೆ ಬಿಟ್ಟು ಬೇರೆ ನೋಡಿ.

ಮನೆಗೆ ಫೋನ್ ಮಾಡುವುದಾದರೆ, ನಾವು ಅವರಿಗಿಂತ ಹದಿನೈದೂವರೆ ಗಂಟೆ ಮುಂದೆ. ಅಲ್ಲಿ ಸಂಜೆ ಆರಕ್ಕೆ ಮಾಡಿದರೆ ಇಲ್ಲಿ ಮರುದಿನ ಬೆಳಿಗ್ಗೆ ಒಂಬತ್ತೂವರೆ. ತೋಟದ ಆಳುಗಳೂ ಬಂದಿರುತ್ತಾರೆ, ಯಜಮಾನರು ಲೆಕ್ಕ ಕೇಳಿಕೊಳ್ಳಬಹುದು.